ಬೆಟ್ಟವಿಳಿಯದ ಹಕ್ಕಿ: ಕಪ್ಪು-ಕಿತ್ತಳೆ ನೊಣಹಿಡುಕನ ಬದುಕು

(ದಾವಣಗೆರೆಯಲ್ಲಿ ಶಿಕ್ಷಕರೂ ಕಾಲೇಜು ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಇಂದು ನಾನು ಮಾತಿಗೆ ಆರಿಸಿಕೊಂಡಿರುವ ಹಕ್ಕಿಯನ್ನು ದಾವಣಗೆರೆ ಜಿಲ್ಲೆಯಲ್ಲಾಗಲಿ, ನೆರೆಯ ಚಿತ್ರದುರ್ಗದಲ್ಲಾಗಲಿ ನೀವು ಕಾಣಲಾರಿರಿ. ಜೋಗಿಮಟ್ಟಿಯ ತುದಿಗೆ ಹತ್ತಿದರೂ ಅದು ಸಿಗುವುದಿಲ್ಲ, ಜಗಳೂರಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು ಜಾಲಾಡಿದರೂ ಸಿಗುವುದಿಲ್ಲ. ಆದರೆ ಇದೇ ಕುಲಕ್ಕೆ ಸೇರಿದ ಇನ್ನೊಂದು ಹಕ್ಕಿ, ಪೂರ್ವ ಯುರೋಪಿನ ಕಾಡುಗಳಲ್ಲಿ ಹುಟ್ಟಿ, ಸಾವಿರಾರು ಕಿಲೋಮೀಟರ್ ಹಾರಿ, ಚಳಿಗಾಲದಲ್ಲಿ ನಮ್ಮ ಬಯಲುಸೀಮೆಯ ತೋಟಗಳಿಗೂ ಬಂದು ಕೂರುತ್ತದೆ. ಕೆಂಪುಗೊರಳಿನ ಆ ಪುಟ್ಟ ನೊಣಹಿಡುಕ ಖಂಡಾಂತರದಿಂದ ಇಲ್ಲಿಗೆ ಬರಬಲ್ಲದಾದರೆ, ನೇರ ಗೆರೆ ಎಳೆದರೆ ಇಲ್ಲಿಂದ ಸುಮಾರು 300 ಕಿಲೋಮೀಟರ್ ದೂರದ ಬಿಳಿಗಿರಿರಂಗನ ಬೆಟ್ಟದಲ್ಲಿರುವ ಅದರ ಬಂಧು ಏಕೆ ಬರುವುದಿಲ್ಲ? ನನ್ನ ಮಾತೆಲ್ಲವೂ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಹಕ್ಕಿಯ ಹೆಸರು ಕಪ್ಪು-ಕಿತ್ತಳೆ ನೊಣಹಿಡುಕ. ವೈಜ್ಞಾನಿಕವಾಗಿ ಫಿಸೆಡುಲ ನೈಗ್ರೊರೂಫ. ಗುಬ್ಬಚ್ಚಿಗಿಂತ ಚಿಕ್ಕದು. ಗಂಡಿನ ತಲೆ ಮತ್ತು ರೆಕ್ಕೆಗಳು ಕಡುಗಪ್ಪು. ಬೆನ್ನು, ಎದೆ, ಬಾಲವೆಲ್ಲ ಉಜ್ವಲವಾದ ಕಿತ್ತಳೆ. ಹೆಣ್ಣಿನಲ್ಲಿ ಕಪ್ಪಿನ ಜಾಗದಲ್ಲಿ ಗಾಢ ಕಂದು ಇರುತ್ತದೆ, ಕಣ್ಣಿನ ಸುತ್ತ ಮಸುಕಾದ ಉಂಗುರವಿರುತ್ತದೆ. ಇದನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದವನು ಥಾಮಸ್ ಜೆರ್ಡನ್. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ವೈದ್ಯನಾಗಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಆತ 1839ರಲ್ಲಿ ಇದರ ವಿವರಣೆಯನ್ನು ಪ್ರಕಟಿಸಿದ. ಬೆನ್ನಿನ ಮೇಲೆ ಕಿತ್ತಳೆ ಬಣ್ಣವಿರುವ ನೊಣಹಿಡುಕ ಈ ಕುಲದಲ್ಲಿ ಬೇರೆ ಇಲ್ಲದ್ದರಿಂದ ಇದನ್ನು ಎಲ್ಲಿ ಸೇರಿಸಬೇಕೆಂಬ ಗೊಂದಲ ಬಹಳ ಕಾಲ ಉಳಿಯಿತು. ಕೆಲವರು ಇದಕ್ಕಾಗಿ ಪ್ರತ್ಯೇಕ ಕುಲವನ್ನೇ ಇಟ್ಟಿದ್ದರು. ಆನುವಂಶಿಕ ಅಧ್ಯಯನಗಳು ಬಂದ ಮೇಲೆ ಇದು ಫಿಸೆಡುಲ ಕುಲದ್ದೇ ಎಂದು ಇತ್ಯರ್ಥವಾಯಿತು. ನಮ್ಮ ಹಿತ್ತಿಲಲ್ಲಿ ಬೆಳಗಿನ ಜಾವ ಹಾಡುವ ಮಡಿವಾಳ ಹಕ್ಕಿಯೂ ಇದೇ ದೊಡ್ಡ ಕುಟುಂಬದ್ದು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಸಂಬಂಧ ಗೊತ್ತಾದರೆ ಅಪರಿಚಿತ ಹಕ್ಕಿಯೂ ಸ್ವಲ್ಪ ಹತ್ತಿರವಾಗುತ್ತದೆ.

ಇದರ ನೆಲೆ ಬಹಳ ಕಿರಿದು. ಪಶ್ಚಿಮ ಘಟ್ಟದ ದಕ್ಷಿಣಾರ್ಧ, ನೀಲಗಿರಿ, ಪಳನಿ, ಆನೆಮಲೆ, ನಮ್ಮ ರಾಜ್ಯದಲ್ಲಿ ಬಿಳಿಗಿರಿರಂಗನ ಬೆಟ್ಟದಂತಹ ಎತ್ತರದ ಪ್ರದೇಶ. ಜಗತ್ತಿನ ಬೇರೆಲ್ಲೂ ಇದಿಲ್ಲ. ಆ ಕಿರಿದಾದ ನೆಲೆಯೊಳಗೂ ಇದು ಎಲ್ಲ ಕಡೆ ಹರಡಿಕೊಂಡಿಲ್ಲ. ಸಾಮಾನ್ಯವಾಗಿ 1,500 ಮೀಟರಿಗಿಂತ ಮೇಲೆ, ಶೋಲಾ ಕಾಡು ಎಂದು ಕರೆಯುವ ಹಸಿರುಕಾಡಿನ ಒಳಗೆ ಮಾತ್ರ ಇದು ಹೇರಳವಾಗಿ ಕಾಣುತ್ತದೆ.

ಶೋಲಾ ಎಂದರೆ ಏನೆಂದು ತಿಳಿಯದೆ ಈ ಹಕ್ಕಿಯನ್ನು ತಿಳಿಯಲಾಗದು. ಎತ್ತರದ ಬೆಟ್ಟಗಳಲ್ಲಿ ದುಂಡಾದ ದಿಣ್ಣೆಗಳ ಮೇಲೆಲ್ಲ ಹುಲ್ಲು ಹಾಸಿರುತ್ತದೆ. ಎರಡು ದಿಣ್ಣೆಗಳ ನಡುವಿನ ಮಡಿಕೆಯಲ್ಲಿ, ನೀರು ಜಿನುಗುವ ಕಡೆ, ಕುಳ್ಳಗಿನ ಮರಗಳ ದಟ್ಟ ಕಾಡು ಕೂಡಿಕೊಂಡಿರುತ್ತದೆ. ಮರಗಳ ಕಾಂಡದ ಮೇಲೆ ಪಾಚಿ, ಕಲ್ಲುಹೂವು, ಸೀತೆದಂಡೆ. ಕೆಳಗೆ ಕುರಿಂಜಿ ಜಾತಿಯ ಪೊದೆಗಳು. ನೆಲದ ಮೇಲೆ ಒಂದರ ಮೇಲೊಂದು ಬಿದ್ದು ಕೊಳೆಯುತ್ತಿರುವ ತರಗೆಲೆಯ ದಪ್ಪ ಹಾಸು. ಚಳಿಗಾಲದ ರಾತ್ರಿ ಹೊರಗಿನ ಹುಲ್ಲುಗಾವಲಿನಲ್ಲಿ ಹಿಮಗಟ್ಟಿ ಎಳೆಯ ಸಸಿಗಳು ಸಾಯುವಾಗಲೂ ಕಾಡಿನ ಒಳಗೆ ಅಷ್ಟು ಚಳಿ ಇಳಿಯುವುದಿಲ್ಲ. ಹಗಲಿನಲ್ಲಿ ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಮಬ್ಬು ಮತ್ತು ತೇವ ಹಾಗೆಯೇ ಇರುತ್ತವೆ. ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಉಳಿದದ್ದಕ್ಕೆ ಈ ಹಿಮವೂ ಒಂದು ಕಾರಣ ಎಂದು ಹಲವರು ಹೇಳುತ್ತಾರೆ. ಹೊರಗೂ ಒಳಗೂ ಹತ್ತು ಹೆಜ್ಜೆಯ ಅಂತರವಿದ್ದರೂ ಅವು ಎರಡು ಬೇರೆ ಹವೆಗಳು.

ಈ ಒಳಗಿನ ಹವೆಯಲ್ಲಿ, ಅದೂ ನೆಲಕ್ಕೆ ಹತ್ತಿರದ ಮಟ್ಟದಲ್ಲಿ, ನಮ್ಮ ಹಕ್ಕಿಯ ಸಂಸಾರ ನಡೆಯುತ್ತದೆ. ನೊಣಹಿಡುಕ ಎಂದ ಕೂಡಲೇ ನಿಮಗೆ ವಿದ್ಯುತ್ ತಂತಿಯ ಮೇಲೆ ಕುಳಿತು, ಗಾಳಿಗೆ ಜಿಗಿದು, ಹುಳ ಹಿಡಿದು ಮರಳುವ ಕಾಜಾಣದ ಚಿತ್ರ ಕಣ್ಣಿಗೆ ಬರಬಹುದು. ಕಪ್ಪು-ಕಿತ್ತಳೆ ನೊಣಹಿಡುಕನ ಬೇಟೆ ಅಷ್ಟು ಬಹಿರಂಗದ್ದಲ್ಲ. ಅದು ಪೊದೆಯ ತಗ್ಗಿನ ಕೊಂಬೆಯ ಮೇಲೆ ಅಲುಗಾಡದೆ ಕೂತು, ನೆಲದ ಮೇಲಿನ ಚಲನೆಯನ್ನು ಗಮನಿಸುತ್ತಿದ್ದು, ತರಗೆಲೆಯ ಮೇಲೆ ಒಂದು ಹುಳ ಸರಿದರೆ ಇಳಿದು ಹೆಕ್ಕಿಕೊಳ್ಳುತ್ತದೆ, ಇಲ್ಲವೇ ನೆಲದಿಂದ ಸ್ವಲ್ಪ ಮೇಲೆ ಹಾರುವ ಕೀಟವನ್ನು ಚಿಕ್ಕ ಜಿಗಿತದಲ್ಲಿ ಹಿಡಿಯುತ್ತದೆ. ತರಗೆಲೆಯ ಹಾಸು ದಪ್ಪವಾಗಿ, ಕೆಳಗಿಡಗಳು ಒತ್ತಾಗಿ ಇರುವ ಕಡೆಯೇ ಈ ಹಕ್ಕಿ ಹೆಚ್ಚಾಗಿರುವುದು ಆಕಸ್ಮಿಕವಲ್ಲ. ಅದರ ಅನ್ನವಿರುವುದೇ ಅಲ್ಲಿ. ಇಲ್ಲಿಗೆ ನಮ್ಮ ಪ್ರಶ್ನೆಗೆ ಉತ್ತರದ ಒಂದು ತುಂಡು ಸಿಕ್ಕಿತು. ನಮ್ಮ ಕಡೆಯ ಕುರುಚಲು ಕಾಡಿನಲ್ಲಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಎಲೆ ಉದುರಿ ಒಣಗಿ, ಗೆದ್ದಲು ತಿಂದು, ಬೆಂಕಿ ಬಿದ್ದು ಕರಗುತ್ತದೆ. ವರ್ಷವಿಡೀ ತೇವವಾಗಿರುವ ತರಗೆಲೆ ನಮ್ಮಲ್ಲಿ ಎಲ್ಲಿದೆ?

ಬೇಟೆಯ ಬಗೆಯನ್ನು ಹೇಳುವಾಗ, ಬೇರೊಂದು ಖಂಡದ ಉಷ್ಣವಲಯದ ಬೆಟ್ಟಗಳಲ್ಲಿ ಇದೇ ಕೆಲಸವನ್ನು ಇನ್ನೊಂದು ರೀತಿಯಲ್ಲಿ ಮಾಡುವ ಹಕ್ಕಿಯನ್ನು ನೆನೆಯದೆ ಮುಂದೆ ಹೋಗಲಾರೆ. ಮೆಕ್ಸಿಕೊದಿಂದ ಆ್ಯಂಡಿಸ್ ಪರ್ವತದವರೆಗಿನ ಮಂಜುಕಾಡುಗಳಲ್ಲಿ ಬೂದುಗೊರಳಿನ ವೈಟ್‌ಸ್ಟಾರ್ಟ್ ಎಂಬ ಹಕ್ಕಿಯಿದೆ. ಉತ್ತರದಲ್ಲಿ ಅದರ ಹೊಟ್ಟೆ ಕೆಂಪು, ದಕ್ಷಿಣಕ್ಕೆ ಹೋದಂತೆ ಕಿತ್ತಳೆಯಾಗಿ, ಕೊನೆಗೆ ಹಳದಿಯಾಗುತ್ತದೆ. ನಮ್ಮ ನೊಣಹಿಡುಕಗಳಿಗೂ ಅದಕ್ಕೂ ಹತ್ತಿರದ ನಂಟಿಲ್ಲ. ಅದು ಬಾಲವನ್ನು ಬಿಚ್ಚಿ, ಅಂಚಿನ ಬಿಳಿ ಗರಿಗಳನ್ನು ಫಕ್ಕನೆ ಮಿನುಗಿಸಿ, ಎಲೆಯ ಮೇಲೆ ಕೂತ ಕೀಟವನ್ನು ಬೆಚ್ಚಿಸಿ ಹಾರಿಸುತ್ತದೆ. ಹಾರಿದ್ದನ್ನು ಬೆನ್ನಟ್ಟಿ ಹಿಡಿಯುತ್ತದೆ. ಇದು ಕೇವಲ ಊಹೆಯಾಗಿ ಉಳಿಯಲಿಲ್ಲ. ರೊನಾಲ್ಡ್ ಮಮ್ ಎಂಬ ವಿಜ್ಞಾನಿ ಕೋಸ್ಟರಿಕಾದ ಮೊಂಟೆವೆರ್ಡೆಯಲ್ಲಿ ಕೆಲವು ಹಕ್ಕಿಗಳ ಬಾಲದ ಬಿಳಿ ಭಾಗಕ್ಕೆ ಕಪ್ಪು ಬಳಿದು ನೋಡಿದರು. ಬಿಳಿ ಮಾಯವಾದ ಹಕ್ಕಿಗಳಿಗೆ ಕೀಟ ಹಾರಿಸಿ ಹಿಡಿಯುವುದು ಕಷ್ಟವಾಯಿತು ಎಂದು 2002ರಲ್ಲಿ ಪ್ರಕಟವಾದ ಅವರ ಬರಹ ತಿಳಿಸುತ್ತದೆ. ಇದಕ್ಕಾಗಿ ಕೋಸ್ಟರಿಕಾಕ್ಕೆ ಹೋಗಬೇಕಿಲ್ಲ. ಚಿತ್ರದುರ್ಗದ ಕಲ್ಲುಬೆಟ್ಟಗಳ ಪೊದೆಗಳಲ್ಲಿ ಬೀಸಣಿಗೆಯಂತೆ ಬಾಲ ಬಿಚ್ಚಿ, ಎಡಕ್ಕೂ ಬಲಕ್ಕೂ ತಿರುಗಿ ಕುಣಿಯುವ ಬೀಸಣಿಗೆ ನೊಣಹಿಡುಕವನ್ನು ಗಮನಿಸಿ. ಅದೂ ಈ ವಿದ್ಯೆಯನ್ನೇ ನಡೆಸುತ್ತಿರುತ್ತದೆ. ಸಂಬಂಧವೇ ಇಲ್ಲದ ಎರಡು ಹಕ್ಕಿಗಳು ಒಂದೇ ಉಪಾಯವನ್ನು ಬೇರೆ ಬೇರೆಯಾಗಿ ಕಂಡುಕೊಂಡಿವೆ. ಕಪ್ಪು-ಕಿತ್ತಳೆ ನೊಣಹಿಡುಕ ಮಾತ್ರ ಇಂತಹ ಪ್ರದರ್ಶನಕ್ಕೆ ಇಳಿಯದೆ, ಕಾದು ಕೂತು ತಿನ್ನುವ ಸ್ವಭಾವದ್ದು. ನನಗೆ ಅದರ ಈ ಸಾವಧಾನವೇ ಇಷ್ಟ.

ಈಗ ಸಂತಾನದ ಮಾತು. ಮಾರ್ಚ್ ತಿಂಗಳ ನಂತರ ಗಂಡು ಸಣ್ಣದಾದ, ಲೋಹದ ತಂತಿ ಮೀಟಿದಂತಹ ದನಿಯಲ್ಲಿ ಹಾಡತೊಡಗುತ್ತದೆ. ತಗ್ಗಿನ ಪೊದೆಯಲ್ಲಿ ಒಣ ಎಲೆ, ಜಂಬುಹುಲ್ಲಿನ ಗರಿಗಳನ್ನು ಸುತ್ತಿ ಚೆಂಡಿನಾಕಾರದ ಗೂಡು ಕಟ್ಟುತ್ತವೆ. ಮೊಟ್ಟೆ ಸಾಮಾನ್ಯವಾಗಿ ಎರಡು. ಈ ಎರಡು ಎಂಬ ಸಂಖ್ಯೆಯ ಬಳಿ ಸ್ವಲ್ಪ ನಿಲ್ಲೋಣ. ಇದೇ ಫಿಸೆಡುಲ ಕುಲದ, ಯುರೋಪಿನ ಕಪ್ಪು-ಬಿಳಿ ನೊಣಹಿಡುಕ ಒಂದು ಸಲಕ್ಕೆ ಆರರ ಆಸುಪಾಸಿನಲ್ಲಿ ಮೊಟ್ಟೆ ಇಡುತ್ತದೆ. ಅದು ಪಶ್ಚಿಮ ಆಫ್ರಿಕಾದಲ್ಲಿ ಚಳಿಗಾಲ ಕಳೆದು, ಸಹಾರಾ ಮರುಭೂಮಿಯನ್ನು ದಾಟಿ ವಸಂತಕ್ಕೆ ಯುರೋಪಿಗೆ ಹಿಂತಿರುಗುತ್ತದೆ. ಓಕ್ ಮರಗಳು ಚಿಗುರಿದಾಗ ಕಂಬಳಿಹುಳಗಳು ಕೆಲವೇ ವಾರ ಸುಗ್ಗಿಯಂತೆ ತುಂಬಿಕೊಳ್ಳುತ್ತವೆ, ಆ ಸುಗ್ಗಿಯಲ್ಲಿ ಆರು ಮರಿಗಳನ್ನು ಬೆಳೆಸಿ ಮುಗಿಸಬೇಕು. ದಾರಿಯಲ್ಲಿ ಸಾಯುವವು ಬಹಳ, ಆದ್ದರಿಂದ ಹುಟ್ಟುವವೂ ಬಹಳವಿರಬೇಕು. ಶೋಲಾ ಕಾಡಿನಲ್ಲಿ ಅಂತಹ ಸುಗ್ಗಿಯೂ ಇಲ್ಲ, ಅಂತಹ ಬರವೂ ಇಲ್ಲ. ಆಹಾರ ವರ್ಷವಿಡೀ ಅಷ್ಟಿಷ್ಟು ಸಿಗುತ್ತಲೇ ಇರುತ್ತದೆ. ಪ್ರಯಾಣದ ಅಪಾಯವಿಲ್ಲ. ಆದುದರಿಂದ ಜೋಡಿ ತನ್ನ ತುಂಡು ಕಾಡನ್ನು ಕಾಯ್ದುಕೊಂಡು, ಕಡಿಮೆ ಮರಿಗಳನ್ನು ನಿಧಾನವಾಗಿ ಬೆಳೆಸುತ್ತದೆ. ಉಷ್ಣವಲಯದ ಹಾಡುಹಕ್ಕಿಗಳಲ್ಲಿ ಈ ನಿಧಾನದ ಬಾಳು ಸಾಮಾನ್ಯ.

ವಲಸೆಯ ಹಕ್ಕಿಗೆ ಬರುವ ಕಷ್ಟವೇ ಬೇರೆ, ನೆಲೆನಿಂತ ಹಕ್ಕಿಗೆ ಬರುವ ಕಷ್ಟವೇ ಬೇರೆ. ನೆದರ್ಲೆಂಡ್ಸ್‌ನಲ್ಲಿ ವಸಂತ ಬೇಗ ಬರತೊಡಗಿ, ಕಂಬಳಿಹುಳಗಳ ಸುಗ್ಗಿಯೂ ಮೊದಲಿಗಿಂತ ಬೇಗ ಬಂದಾಗ, ಆಫ್ರಿಕಾದಿಂದ ಬರುವ ಕಪ್ಪು-ಬಿಳಿ ನೊಣಹಿಡುಕಗಳು ತಡವಾಗಿ ತಲುಪಿದಂತಾಯಿತು. ಸುಗ್ಗಿ ಅತಿ ಬೇಗ ಮುಗಿಯುವ ಕಾಡುಗಳಲ್ಲಿ ಅವುಗಳ ಸಂಖ್ಯೆ ಎರಡು ದಶಕಗಳಲ್ಲಿ ಸುಮಾರು ಶೇಕಡಾ 90ರಷ್ಟು ಕುಸಿಯಿತೆಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಲ್ಲಿ ತಪ್ಪಿದ್ದು ಕಾಲ. ನಮ್ಮ ಬೆಟ್ಟದ ಹಕ್ಕಿಗೆ ತಪ್ಪಬಹುದಾದದ್ದು ಜಾಗ.

ಇದನ್ನು ವಿವರಿಸಲು 1967ರಲ್ಲಿ ಡೇನಿಯಲ್ ಜಾನ್ಸೆನ್ ಎಂಬ ಜೀವವಿಜ್ಞಾನಿ ಮುಂದಿಟ್ಟ ಒಂದು ವಾದವನ್ನು ನಿಮ್ಮ ಮುಂದಿಡುತ್ತೇನೆ. ಎತ್ತರಕ್ಕೆ ಹೋದಂತೆ ಪ್ರತಿ 1,000 ಮೀಟರಿಗೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಲೆಕ್ಕ ಹಾಕಿದರೆ ಹತ್ತು ಡಿಗ್ರಿಗೂ ಹೆಚ್ಚಿನ ವ್ಯತ್ಯಾಸ. ಶೀತ ದೇಶಗಳಲ್ಲಿ ಇಷ್ಟು ವ್ಯತ್ಯಾಸ ದೊಡ್ಡದಲ್ಲ, ಏಕೆಂದರೆ ಅಲ್ಲಿನ ಕಣಿವೆಯ ಪ್ರಾಣಿಯೇ ಚಳಿಗಾಲದಲ್ಲಿ ಕೊರೆಯುವ ಹಿಮವನ್ನೂ ಬೇಸಗೆಯಲ್ಲಿ ಬಿಸಿಯನ್ನೂ ಕಂಡಿರುತ್ತದೆ. ಅದು ಬೆಟ್ಟ ಹತ್ತಿದರೆ ಹೊಸದೇನನ್ನೂ ಎದುರಿಸುವುದಿಲ್ಲ. ಉಷ್ಣವಲಯದಲ್ಲಿ ಹಾಗಲ್ಲ. ಇಲ್ಲಿ ಬೆಟ್ಟದ ತುದಿ ವರ್ಷವಿಡೀ ತಂಪು, ಕಣಿವೆ ವರ್ಷವಿಡೀ ಸೆಖೆ. ಒಂದರ ಹವೆ ಇನ್ನೊಂದರ ಹವೆಯನ್ನು ಮುಟ್ಟುವುದೇ ಅಪರೂಪ. ಆದ್ದರಿಂದ ಒಂದು ಎತ್ತರಕ್ಕೆ ಒಗ್ಗಿದ ಜೀವಿಗೆ ಇನ್ನೊಂದು ಎತ್ತರ ಪರದೇಶವೇ ಆಗಿಬಿಡುತ್ತದೆ. ಅಷ್ಟೇ ಎತ್ತರದ ಬೆಟ್ಟ, ಅಷ್ಟೇ ಆಳದ ಕಣಿವೆ ಉಷ್ಣವಲಯದ ಜೀವಿಗೆ ಹೆಚ್ಚು ದೊಡ್ಡ ಅಡ್ಡಿಯಾಗುತ್ತದೆ ಎಂಬುದು ಅವರ ವಾದ.

ಈ ವಾದ ಸುಂದರವಾಗಿದೆ, ಆದರೆ ಹಕ್ಕಿಗಳ ವಿಷಯದಲ್ಲಿ ಅದನ್ನು ಇಡಿಯಾಗಿ ನುಂಗಬಾರದು ಎಂಬುದು ನನ್ನ ಅಭಿಪ್ರಾಯ. ಹಲ್ಲಿ, ಕಪ್ಪೆಗಳ ಹಾಗಲ್ಲದೆ ಹಕ್ಕಿ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುತ್ತದೆ. ಬಿಸಿಲು ಅದನ್ನು ನೇರವಾಗಿ ತಡೆಯುವುದಕ್ಕಿಂತ, ಬಿಸಿಲು ಮಾಡುವ ಇತರ ಕೆಲಸಗಳು ಅದನ್ನು ತಡೆಯುತ್ತವೆ: ತೇವ ಆರುವುದು, ತರಗೆಲೆ ಒಣಗುವುದು, ಕೀಟಗಳು ಋತುವಿಗೆ ಕಟ್ಟುಬೀಳುವುದು, ಕೆಳಗೆ ಆಗಲೇ ನೆಲೆಯೂರಿರುವ ಬೇರೆ ಹಕ್ಕಿಗಳು. ಇಲ್ಲಿಯ ಪೊದೆಗಳಲ್ಲಿ ಟಿಕೆಲ್‌ನ ನೀಲಿ ನೊಣಹಿಡುಕ ಇದೆ, ಬಾಲದಂಡೆ ಇದೆ, ಮಡಿವಾಳಗಳಿವೆ. ಒಣಗುವ ಕಾಡಿಗೆ ಹೊಂದಿಕೊಂಡವು ಅವು.

ಹಾಗಾದರೆ ಕೆಂಪುಗೊರಳಿನ ನೊಣಹಿಡುಕ ಹೇಗೆ ಬರುತ್ತದೆ? ಅದು ನಮ್ಮಲ್ಲಿ ಮರಿ ಮಾಡುವುದಿಲ್ಲ, ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಇರುತ್ತದೆ. ಚನ್ನಗಿರಿಯ ಕಡೆಯ ಅಡಿಕೆ ತೋಟದಂತಹ ನೆರಳು ಅದಕ್ಕೆ ಸಾಕು, ಸುಡುಬಿಸಿಲು ಬರುವ ಹೊತ್ತಿಗೆ ಅದು ಉತ್ತರಕ್ಕೆ ಹೊರಟಿರುತ್ತದೆ. ಅದು ಜಾಗಗಳನ್ನು ಬದಲಿಸಿ ಹವೆಯನ್ನು ಸರಿಮಾಡಿಕೊಳ್ಳುತ್ತದೆ. ಕಪ್ಪು-ಕಿತ್ತಳೆಯದು ಒಂದೇ ಜಾಗದಲ್ಲಿ ಕೂತು ಹವೆಯೇ ಬದಲಾಗದಿರಲಿ ಎಂಬ ಬದುಕು. ಕಾಶ್ಮೀರದಲ್ಲಿ ಮರಿ ಮಾಡುವ ಕಾಶ್ಮೀರ ನೊಣಹಿಡುಕವಂತೂ ಚಳಿಗಾಲಕ್ಕೆ ಶ್ರೀಲಂಕಾದ ಗುಡ್ಡಗಳಿಗೂ ನೀಲಗಿರಿಗೂ ಬರುತ್ತದೆ. ಆಗ ಒಂದೇ ಕುಲದ ಅತಿಥಿಯೂ ಮನೆಯೊಡೆಯನೂ ಒಂದೇ ಬೆಟ್ಟದಲ್ಲಿರುತ್ತಾರೆ.

ಇಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಶೋಲಾ ಹಕ್ಕಿ ಸಾಕ್ಷಿ. ಶೋಲಾಕಿಳಿ ಎಂಬ ನೀಲಿ ಹಕ್ಕಿ ಅದೇ ಕಾಡಿನ ನೆಲದ ಬಳಿ, ಅದೇ ರೀತಿ ಕೀಟ ತಿಂದು ಬದುಕುತ್ತದೆ. ನಿಮಗೆ ಹತ್ತಿರದ ಬಾಬಾಬುಡನ್‌ಗಿರಿಯ ಶೋಲಾಗಳಲ್ಲೂ ಅದು ಇದೆ. ಪಶ್ಚಿಮ ಘಟ್ಟದ ಸಾಲನ್ನು ಕೇರಳದ ಪಾಲಕ್ಕಾಡಿನ ಬಳಿ ಒಂದು ಕಣಿವೆ ಕತ್ತರಿಸುತ್ತದೆ. ಅಗಲ 30ರಿಂದ 40 ಕಿಲೋಮೀಟರ್, ನೆಲ 300 ಮೀಟರಿಗಿಂತಲೂ ತಗ್ಗು. ಹದ್ದಿಗೆ ಅದೊಂದು ಲೆಕ್ಕವೇ ಅಲ್ಲ. ಆದರೆ ವಿ. ವಿ. ರಾಬಿನ್, ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಶೋಲಾಕಿಳಿಗಳ ಆನುವಂಶಿಕ ಧಾತುವನ್ನು ಪರೀಕ್ಷಿಸಿದಾಗ, ಕಣಿವೆಯ ಉತ್ತರದವೂ ದಕ್ಷಿಣದವೂ ಬಹುಕಾಲದ ಹಿಂದೆಯೇ ಬೇರ್ಪಟ್ಟಿರುವುದು ಕಂಡಿತು. ಉತ್ತರದ್ದಕ್ಕೆ ಕಂದುಗೆಂಪು ಪಕ್ಕೆಗಳು, ದಕ್ಷಿಣದ್ದಕ್ಕೆ ಬಿಳಿ ಹೊಟ್ಟೆ. 2017ರಲ್ಲಿ ಇವುಗಳಿಗೆ ಶೋಲಿಕೋಲ ಎಂಬ ಹೊಸ ಕುಲವನ್ನೇ ಸ್ಥಾಪಿಸಲಾಯಿತು. ಎಲ್ಲ ಬೆಟ್ಟದ ಹಕ್ಕಿಗಳೂ ಹೀಗೆ ಒಡೆದಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. ಅದೇ ಬಳಗ 2015ರಲ್ಲಿ 23 ಜಾತಿಗಳನ್ನು ಹೋಲಿಸಿದಾಗ, ಕಣಿವೆಯ ಗುರುತು ಕೆಲವುಗಳಲ್ಲಿ ಆಳವಾಗಿಯೂ ಕೆಲವುಗಳಲ್ಲಿ ಇಲ್ಲವೆಂಬಷ್ಟೂ ಇತ್ತು. ಕಪ್ಪು-ಕಿತ್ತಳೆ ನೊಣಹಿಡುಕ ಕಣಿವೆಯ ಎರಡು ಬದಿಗಳಲ್ಲೂ ಇದೆ, ನೋಟಕ್ಕೆ ಎರಡೂ ಒಂದೇ.

ಬೆಟ್ಟದ ತುದಿಯಲ್ಲಿ ಬದುಕುವುದರ ದೊಡ್ಡ ತೊಡಕು, ಅದರ ಮೇಲೆ ಇನ್ನು ಜಾಗವಿಲ್ಲ ಎನ್ನುವುದು. ಪೆರು ದೇಶದ ಪಂತಿಯಾಕೊಯ ಎಂಬ ಬೆಟ್ಟಸಾಲಿನಲ್ಲಿ 1985ರಲ್ಲಿ ಹಕ್ಕಿಗಳ ಸಮೀಕ್ಷೆ ನಡೆದಿತ್ತು; 2017ರಲ್ಲಿ ಅದೇ ದಾರಿಯಲ್ಲಿ ಮತ್ತೆ ಸಮೀಕ್ಷೆ ಮಾಡಿದವರಿಗೆ ಹಕ್ಕಿಗಳು ಒಟ್ಟಾರೆ ಮೇಲಕ್ಕೆ ಸರಿದಿರುವುದೂ, ತುದಿಯಲ್ಲಿದ್ದ ಕೆಲವು ಜಾತಿಗಳು ಕಾಣದಾಗಿರುವುದೂ ತಿಳಿಯಿತು. ಆ ಫಲಿತಾಂಶವನ್ನು ಹಾಗೆಯೇ ನೀಲಗಿರಿಗೆ ಅಂಟಿಸುವುದು ಅವಸರವಾದೀತು. ನಮ್ಮ ಶೋಲಾಗಳಿಗೆ ಈವರೆಗೆ ಹೆಚ್ಚು ಪೆಟ್ಟು ಕೊಟ್ಟಿರುವುದು ಚಹಾ ತೋಟ, ಮತ್ತು 19ನೇ ಶತಮಾನದಿಂದ ತಂದು ನೆಟ್ಟ ನೀಲಗಿರಿ ಮರ, ವಾಟಲ್, ಪೈನ್. ಅವು ಕಾಡಿಗಿಂತಲೂ ಹೆಚ್ಚಾಗಿ ಹುಲ್ಲುಗಾವಲನ್ನು ನುಂಗಿವೆ. ದೂರದಿಂದ ನೋಡಿದವರಿಗೆ ಹಸಿರು ಹೆಚ್ಚಿದಂತೆಯೇ ಕಾಣುತ್ತದೆ.

ಮಾತು ಮುಗಿದ ಮೇಲೆ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ. ಜೋಗಿಮಟ್ಟಿಯಲ್ಲಿ ದಟ್ಟವಾಗಿ ಮರ ಬೆಳೆಸಿದರೆ ಇಂತಹ ಹಕ್ಕಿಗಳು ಬಂದಾವೇ ಎಂದು ಒಬ್ಬ ಅಧ್ಯಾಪಕರು ಕೇಳಿದರು. ಬರುವುದಿಲ್ಲ. ಎತ್ತರವೂ ಸಾಲದು, ಮಳೆಯೂ ಸಾಲದು. ಅದಕ್ಕಿಂತ ಮುಖ್ಯವಾಗಿ, ಅಲ್ಲಿನ ಕುರುಚಲು ಮತ್ತು ಬಂಡೆಗಳ ನಡುವಿನ ಬಯಲನ್ನೇ ನಂಬಿಕೊಂಡ ಹಕ್ಕಿಗಳು ಬೇರೆ ಇವೆ, ದಟ್ಟವಾಗಿ ಮರ ನೆಟ್ಟರೆ ಅವು ನೆಲೆ ಕಳೆದುಕೊಳ್ಳುತ್ತವೆ ಎಂದು ಉತ್ತರಿಸಿದೆ.

ಈ ಹಕ್ಕಿಯನ್ನು ನೋಡಲು ಏನು ಮಾಡಬೇಕೆಂದು ವಿದ್ಯಾರ್ಥಿನಿಯೊಬ್ಬರು ಕೇಳಿದರು. ಬಿಳಿಗಿರಿರಂಗನ ಬೆಟ್ಟದ ಮೇಲ್ಭಾಗದ ಕಾಡು, ಇಲ್ಲವೇ ಊಟಿ, ಕೊಡೈಕೆನಾಲ್ ಸುತ್ತಲಿನ ಶೋಲಾಗಳ ಅಂಚು ಒಳ್ಳೆಯ ಜಾಗಗಳು. ಬೆಳಗ್ಗೆ ಹೋಗಬೇಕು, ಮರದ ತುದಿಗೆ ಕತ್ತೆತ್ತದೆ ಮೊಣಕಾಲಿನಿಂದ ಎದೆಯ ಮಟ್ಟದವರೆಗಿನ ಪೊದೆಗಳನ್ನು ಗಮನಿಸಬೇಕು, ಒಂದು ಕಡೆ ಕೂತುಬಿಡಬೇಕು. ಹಕ್ಕಿ ತನ್ನ ತುಂಡು ಕಾಡನ್ನು ಬಿಟ್ಟು ದೂರ ಹೋಗುವುದಿಲ್ಲವಾದ್ದರಿಂದ ಕಾದವರಿಗೆ ಸಿಗುವ ಸಾಧ್ಯತೆಯೇ ಹೆಚ್ಚು. ಗಾಬರಿಯಾದರೆ ರೆಕ್ಕೆ ಒದರುತ್ತಾ ಝಿಟ್ ಝಿಟ್ ಎನ್ನುತ್ತದೆ. ಆ ದನಿ ಕೇಳಿದರೆ ನೀವು ಗೂಡಿಗೆ ಹತ್ತಿರವಿದ್ದೀರೆಂದು ತಿಳಿದು ಹಿಂದೆ ಸರಿಯಿರಿ. ಮೊಬೈಲಿನಲ್ಲಿ ಅದರ ಹಾಡನ್ನು ನುಡಿಸಿ ಕರೆಯಬೇಡಿ. ತನ್ನ ಗಡಿಯೊಳಗೆ ಬೇರೊಂದು ಗಂಡು ನುಗ್ಗಿದೆಯೆಂದು ತಿಳಿದು ಅದು ಬೇಟೆ, ಗೂಡು ಎರಡನ್ನೂ ಬಿಟ್ಟು, ಇಲ್ಲದ ವೈರಿಯನ್ನು ಹುಡುಕುತ್ತಾ ಅಲೆಯುತ್ತದೆ.